ಜಯಚಾಮರಾಜ ಒಡೆಯರ ಪಿಯಾನೋ

ಪರ್ಕಳದಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯಾಚೆ, ಬಹುಕಾಲ ಮುಂಬಯಿಯಲ್ಲಿದ್ದು ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರೊಬ್ಬರಿದ್ದಾರೆ. ಅವರೊಡನೆ ಬಂದ ಸಾಮಾನುಗಳಲ್ಲಿ ಒಂದು ಹಳೆಯ ಪಿಯಾನೋ ಕೂಡ ಇತ್ತು. ಗೋಡೆಗೆ ಸೇರಿಸಿ ನಿಲ್ಲಿಸುವ ಬಗೆಯದು. ಎಂಟು ಜನ ಆಳುಗಳು ಅದನ್ನು ಜಗಲಿಗೆ ಏರಿಸಿದ ದಿನ ಕೇರಿಯ ಮಕ್ಕಳೆಲ್ಲ ಕಲೆತಿದ್ದರು. ಆದರೆ ನಮ್ಮ ಕರಾವಳಿಯ ಮಳೆ ಪಿಯಾನೋಗೆ ಶತ್ರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮರ ಉಬ್ಬಿತು, ಒಳಗಿನ ಉಣ್ಣೆಯ ಮೆತ್ತೆ ತೇವ ಹೀರಿತು, ತಂತಿಗೆ ತುಕ್ಕು ಹಿಡಿಯಿತು. ಒತ್ತಿದ ಮಣೆ ಮೇಲೇಳದೆ ಕೆಳಗೇ ಉಳಿಯತೊಡಗಿತು. ಕಳೆದ ಚಳಿಗಾಲದಲ್ಲಿ ದೂರದೂರಿನಿಂದ ಶ್ರುತಿ ಮಾಡುವವರೊಬ್ಬರನ್ನು ಕರೆಸಿ ಅದನ್ನು ಬಿಚ್ಚಿಸಿದಾಗ ನಾನೂ ನೋಡಲು ಹೋಗಿದ್ದೆ. ಬಿಚ್ಚಿದ ವಾದ್ಯದ ಮುಂದೆ ಕುಳಿತು ಆ ಹಿರಿಯರು ಒಂದು ಪ್ರಶ್ನೆ ಕೇಳಿದರು: ಈ ವಾದ್ಯವನ್ನು ನಮ್ಮ ಕನ್ನಡ ನಾಡಿನವರು ಯಾರಾದರೂ ಬಾಳನ್ನೇ ಪಣವಾಗಿಟ್ಟು ಕಲಿಯಬೇಕೆಂದು ಹಂಬಲಿಸಿದ್ದುಂಟೆ, ಅಥವಾ ಇದು ನಮ್ಮಲ್ಲಿ ಬರಿಯ ದೊಡ್ಡ ಮನೆಯ ಅಲಂಕಾರವೆ? ಆ ಹೊತ್ತಿಗೆ ನಾನು ಕೊಟ್ಟ ಉತ್ತರ ಒಂದು ಹೆಸರು ಮಾತ್ರ. ಆ ಹೆಸರಿನ ಹಿಂದಿನ ಕಥೆ ಇಲ್ಲಿದೆ.

ಶ್ರೀ ಜಯಚಾಮರಾಜ ಒಡೆಯರು ಹುಟ್ಟಿದ್ದು 1919ನೆಯ ಇಸವಿ ಜುಲೈ 18ರಂದು, ಮೈಸೂರಿನಲ್ಲಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಗೆ ಅವರು ಏಕಮಾತ್ರ ಪುತ್ರ. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಹೀಗಾಗಿ ತೊಟ್ಟಿಲಲ್ಲಿದ್ದಾಗಲೇ ಆ ಮಗುವಿನ ಮೇಲೆ ಸಿಂಹಾಸನದ ನೆರಳು ಬಿದ್ದಿತ್ತು ಎಂದರೆ ತಪ್ಪಲ್ಲ.

ಆ ಕಾಲದ ಮೈಸೂರರಮನೆಯಲ್ಲಿ ಪಿಯಾನೋ ಅಪರಿಚಿತ ವಸ್ತುವಾಗಿರಲಿಲ್ಲ. ನಾಲ್ವಡಿಯವರು ವೀಣೆ, ಪಿಟೀಲು, ಕೊಳಲು, ಮೃದಂಗಗಳ ಜೊತೆಗೆ ಪಿಯಾನೋ, ಸ್ಯಾಕ್ಸೋಫೋನುಗಳನ್ನೂ ಬಲ್ಲವರಾಗಿದ್ದರು. ವೀಣೆಯ ಶೇಷಣ್ಣನವರಂಥ ಮಹಾವೈಣಿಕರು ಪಿಯಾನೋದ ಮೇಲೂ ಬೆರಳಾಡಿಸಿ ನಮ್ಮ ರಾಗಗಳನ್ನು ಅದರಿಂದ ಹೊರಡಿಸುತ್ತಿದ್ದರೆಂದು ಸಂಗೀತಗಾರರ ಪರಂಪರೆ ಇಂದಿಗೂ ನೆನೆಯುತ್ತದೆ. ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಜರ್ಮನಿಯಿಂದ ಬಂದ ಆಟೋ ಷ್ಮಿಟ್ ನಾಯಕನಾಗಿದ್ದ. ಒಂದು ತೊಟ್ಟಿಯಲ್ಲಿ ವಾಸುದೇವಾಚಾರ್ಯರ ಕೃತಿ, ಇನ್ನೊಂದರಲ್ಲಿ ಬೀಥೋವನ್ನನ ಸಂಗೀತ. ಎರಡನ್ನೂ ಕೇಳುತ್ತ ಬೆಳೆದ ಹುಡುಗ ಯಾವುದಕ್ಕೆ ಮನಸೋತಾನೆಂದು ಯಾರು ಹೇಳಬಲ್ಲರು? ಜಯಚಾಮರಾಜರು ಮೊದಲು ಸೋತದ್ದು ಪಿಯಾನೋಗೆ. ತಂಗಿ ವಿಜಯಾದೇವಿಯವರೂ ಅದೇ ಹಾದಿ ಹಿಡಿದರು.

ಪಿಯಾನೋ ಕಲಿಯುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದರಲ್ಲಿ ಒಟ್ಟು 88 ಮಣೆಗಳು, 200ಕ್ಕೂ ಮೀರಿದ ತಂತಿಗಳು. ಆ ತಂತಿಗಳೆಲ್ಲ ಸೇರಿ ಎಳೆಯುವ ಬಿಗಿ ಹದಿನೆಂಟು ಇಪ್ಪತ್ತು ಟನ್ನುಗಳಷ್ಟು. ಅದನ್ನು ತಾಳಲೆಂದೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು. ಬೆರಳು ಮಣೆಯನ್ನೊತ್ತಿದರೆ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆ ಹಾರಿ ತಂತಿಯನ್ನು ಹೊಡೆದು ಹಿಂದಕ್ಕೆ ಬೀಳುತ್ತದೆ. ಹೊಡೆದ ಮೇಲೆ ಆ ಸ್ವರ ನುಡಿಸುವವನ ಕೈಮೀರಿದ್ದು. ಅದನ್ನು ಜಗ್ಗಿಸುವಂತಿಲ್ಲ, ತೂಗಿಸುವಂತಿಲ್ಲ, ಗಮಕವಂತೂ ದೂರದ ಮಾತು. ಅದರ ಹಿರಿಮೆ ಬೇರೆಯದು: ಹತ್ತು ಬೆರಳುಗಳು ಏಕಕಾಲಕ್ಕೆ ಹಲವು ಸ್ವರಗಳನ್ನು ನುಡಿಸಿ ಒಬ್ಬನೇ ಮನುಷ್ಯ ಒಂದು ಮೇಳವಾಗಬಲ್ಲ. ಆದರೆ ಆ ಹತ್ತು ಬೆರಳುಗಳು ಬಾಲ್ಯದಿಂದ ಪ್ರತಿದಿನ ಗಂಟೆಗಟ್ಟಲೆ ದುಡಿಯಬೇಕು. ಬಿಟ್ಟರೆ ಕೆಲವೇ ತಿಂಗಳಲ್ಲಿ ಜಡ್ಡುಗಟ್ಟುತ್ತವೆ. ಹಣ ಪಿಯಾನೋ ಕೊಳ್ಳಬಲ್ಲದು, ಬಿಡುವನ್ನು ಕೊಳ್ಳಲಾರದು. ಒಡೆಯರ ಬಾಳಿನ ತೊಡಕು ಇದೇ.

ಅವರು 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದಕಗಳೊಡನೆ ಬಿ.ಎ. ಮುಗಿಸಿದರು. ಮರುವರ್ಷ ಯೂರೋಪಿಗೆ ಹೋದರು; ಲಂಡನ್ನಿನಲ್ಲಿ ಕಲಾವಿದರನ್ನೂ ವಿದ್ವಾಂಸರನ್ನೂ ಕಂಡರು. ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕೆಂಬುದು ಆ ತರುಣನ ಮನಸ್ಸಿನಲ್ಲಿ ಬೇರೂರಿದ್ದ ಆಸೆ. ಅರಸುಮಕ್ಕಳು ಹವ್ಯಾಸಕ್ಕೆ ಕಲಿತು ಬಿಡುವ ವಿದ್ಯೆಯಾಗಿ ಅದನ್ನು ಅವರು ಎಣಿಸಲಿಲ್ಲ; ವೃತ್ತಿಯ ಕಲಾವಿದನಿಗೆ ಬೇಕಾದ ಶ್ರದ್ಧೆ ಅವರಲ್ಲಿತ್ತು.

1940ರ ಮಾರ್ಚ್ 11ರಂದು ತಂದೆ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿಯವರೂ ಕಣ್ಮುಚ್ಚಿದರು. ಐದು ತಿಂಗಳೊಳಗೆ ಎರಡು ಸಾವು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದು ತುಂಬಿ ಇನ್ನೂ ಎರಡು ತಿಂಗಳಾಗದ ಜಯಚಾಮರಾಜರು ಸಿಂಹಾಸನವನ್ನೇರಿದರು. ನಾಡಿಗೆ ಅದು ಉತ್ಸವ. ಆ ತರುಣನ ಒಂದು ಆಸೆಗೆ ಮಾತ್ರ ಅಂದೇ ತೆರೆ ಬಿತ್ತು. ರಾಜನಾದವನು ಚೀಟಿ ಮಾರಿದ ಸಭೆಯ ಮುಂದೆ ಕುಳಿತು ಪಿಯಾನೋ ನುಡಿಸುವುದುಂಟೆ?

ಆದರೂ ಅವರು ಬಿಡಲಿಲ್ಲ. ಪಟ್ಟವಾಗಿ ಐದು ವರ್ಷಗಳಾದ ಮೇಲೆ, 1945ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ದೊರೆಯಿತು. ಟ್ರಿನಿಟಿ ಸಂಗೀತ ಕಾಲೇಜು ಅದೇ ವರ್ಷ ಗೌರವ ಫೆಲೋ ಆಗಿ ಅವರನ್ನು ಆರಿಸಿತು. ಎರಡನೆಯದು ರಾಜನಿಗೆ ಸಂದ ಮರ್ಯಾದೆ ಎನ್ನಬಹುದು. ಮೊದಲನೆಯದು ಹಾಗಲ್ಲ, ಅದು ವಿದ್ಯಾರ್ಥಿಗೆ ಸಲ್ಲುವಂಥದು. ಯುದ್ಧಕಾಲದ ರಾಜ್ಯಭಾರವನ್ನು ಹೊತ್ತ ಅರಸನೊಬ್ಬ ಆ ಪದವಿಗಾಗಿ ಶ್ರಮಿಸಿದನೆಂಬುದನ್ನು ನೆನೆದಾಗ ನನಗೆ ಅವರ ಮೇಲೆ ಅಭಿಮಾನಕ್ಕಿಂತ ಹೆಚ್ಚಾಗಿ ಮರುಕವೇ ಹುಟ್ಟುತ್ತದೆ.

ಇನ್ನು ಲಂಡನ್ನಿನತ್ತ ತಿರುಗೋಣ. ಅಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತ ರಚನಕಾರನಿದ್ದ. ಆತ ಹುಟ್ಟಿದ್ದು ಮಾಸ್ಕೋದಲ್ಲಿ, 1880ರಲ್ಲಿ. ಪ್ರಸಿದ್ಧನಾದ ರಖ್ಮಾನಿನೋವನ ಆಪ್ತಮಿತ್ರ. ಕ್ರಾಂತಿಯ ಅನಂತರ 1921ರಲ್ಲಿ ದೇಶ ಬಿಟ್ಟು ಅಲೆದು ಕಡೆಗೆ ಇಂಗ್ಲೆಂಡಿನಲ್ಲಿ ನೆಲಸಿದ. ಅವನ ರಚನೆಗಳಲ್ಲಿ ಪಿಯಾನೋ ಇಲ್ಲದ್ದೇ ಇಲ್ಲ. ಹೊಸ ಬೆಡಗಿನ ಸಂಗೀತ ಮೆರೆಯುತ್ತಿದ್ದ ಆ ದಿನಗಳಲ್ಲಿ ಅವನದು ಹಳೆಯ ಜಾಡಿನದೆಂದು ಜನ ಕಡೆಗಣಿಸಿದರು. ಪಾಠ ಹೇಳಿ ಬಾಳು ಸಾಗಿಸುತ್ತಿದ್ದ. 1942ರಲ್ಲಿ ಹೃದಯಾಘಾತವೂ ಆಯಿತು. ಇಂಥವನ ಸಂಗೀತವನ್ನು ಸಾವಿರಾರು ಮೈಲಿಯಾಚೆಯ ಮೈಸೂರಿನ ಅರಸು ಮೆಚ್ಚಿದ್ದರು.

ಮೆಚ್ಚಿದ್ದಷ್ಟೇ ಅಲ್ಲ, ಮೆಟ್ನರ್ ಸಂಘವೊಂದನ್ನು ಸ್ಥಾಪಿಸಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಗ್ರಾಮೋಫೋನ್ ತಟ್ಟೆಗಳಲ್ಲಿ ಉಳಿಸುವ ವೆಚ್ಚವನ್ನು ಹೊತ್ತರು. 1947ರಲ್ಲಿ ಮೆಟ್ನರ್ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ತನ್ನ ಮೂರೂ ಪಿಯಾನೋ ಕನ್ಚೆರ್ಟೋಗಳನ್ನು ನುಡಿಸಿದ. ಒಂಟಿ ಪಿಯಾನೋ ಒಂದು ಕಡೆ, ಇಡೀ ವಾದ್ಯವೃಂದ ಇನ್ನೊಂದು ಕಡೆ ನಿಂತು ಸಂವಾದ ನಡೆಸುವ ದೀರ್ಘರಚನೆಗೆ ಅಲ್ಲಿ ಕನ್ಚೆರ್ಟೋ ಎಂದು ಹೆಸರು. ಆಗ ಅವನಿಗೆ ಅರವತ್ತೇಳು ದಾಟಿತ್ತು, ಹೃದಯ ಜೀರ್ಣವಾಗಿತ್ತು. ನಾಲ್ಕು ವರ್ಷಗಳಲ್ಲಿ, 1951ರ ನವೆಂಬರಿನಲ್ಲಿ, ಆತ ತೀರಿಕೊಂಡ. ಆ ತಟ್ಟೆಗಳು ಆಗದೆ ಹೋಗಿದ್ದರೆ ಆ ಕೈಯ ನಾದದ ಬಹುಪಾಲು ಅವನೊಡನೆಯೇ ಹೋಗುತ್ತಿತ್ತು. ತನ್ನ ಮೂರನೆಯ ಕನ್ಚೆರ್ಟೋವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಇಂದಿಗೂ ಲೋಕದ ಯಾವ ಮೂಲೆಯಲ್ಲಿ ಅದರ ಸ್ವರಲಿಪಿಯ ಇತಿಹಾಸ ತೆರೆದರೂ ನಮ್ಮ ಊರಿನ ಹೆಸರು ಅಲ್ಲಿದೆ.

ಫಿಲ್‌ಹಾರ್ಮೋನಿಯಾವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಎಂಬವನು ಮೈಸೂರಿಗೇ ಬಂದು ಒಡೆಯರನ್ನು ಕಂಡ. ಅರಮನೆಯಲ್ಲಿ ಅವನು ಕಂಡದ್ದು ಸಭಾಗೃಹಗಳಲ್ಲಿರುವಂಥ ಹಲವು ದೊಡ್ಡ ಪಿಯಾನೋಗಳು, ಗೋಡೆಯುದ್ದಕ್ಕೂ ತಟ್ಟೆಗಳ ಭಂಡಾರ. ಆ ತಟ್ಟೆಗಳ ಸಂಖ್ಯೆ ಸುಮಾರು 20,000 ಎಂದು ಅಂದಾಜು. ವಾದ್ಯವೃಂದವನ್ನು ಕಾಲ ಮೇಲೆ ನಿಲ್ಲಿಸಲು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಡೆಯರು ಒಪ್ಪಿದರೆಂದು ಲೆಗ್ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ. ಆ ವೃಂದದ ಸಂಗೀತ ಸಂಘಕ್ಕೆ ಒಡೆಯರೇ ಮೊದಲ ಅಧ್ಯಕ್ಷರಾದರು.

ಇಲ್ಲಿ ಒಂದು ಕಹಿಮಾತನ್ನು ನುಂಗಿ ಮುಂದೆ ಹೋಗುವುದು ನ್ಯಾಯವಲ್ಲ. ಮೆಟ್ನರ್ ಲಂಡನ್ನಿನಲ್ಲಿ ತನ್ನ ಕನ್ಚೆರ್ಟೋಗಳನ್ನು ನುಡಿಸಿದ 1947ರಲ್ಲೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಿತು. ವಿದ್ಯಾರ್ಥಿಗಳು ಸೆರೆಮನೆ ಸೇರಿದರು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲಷ್ಟೇ ಅದು ಶಾಂತವಾಯಿತು. ಅರಮನೆಯ ಹಣವೂ ಕೊನೆಗೆ ರೈತನ ಬೆವರಿನದೇ. ಆ ಬೆವರು ಪರದೇಶದ ವಾದ್ಯವೃಂದಕ್ಕೆ ಹರಿಯಬೇಕಿತ್ತೆ ಎಂದು ಕೇಳುವವರ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಇದನ್ನೇ ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅನಂತರ ಹೇಳಿದ್ದು ಇಷ್ಟು: ಅದೇ ಅರಸರು ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡಕ್ಕೆ ತರಿಸಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಅಚ್ಚು ಮಾಡಿಸಿದರು, ಬೇಟೆಗೂ ಕುದುರೆಯ ಜೂಜಿಗೂ ಸುರಿದ ರಾಜರು ಆ ಕಾಲದಲ್ಲಿ ಕಡಮೆ ಇರಲಿಲ್ಲ. ಇದು ಪೂರ್ಣ ಉತ್ತರವಲ್ಲವೆಂಬುದನ್ನು ನಾನು ಬಲ್ಲೆ. ಆ ಹುಡುಗನೂ ಬಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಬೇರೊಂದು ಸಂಗತಿ. ಪಿಯಾನೋದ ಪದವಿ ಕೈಸೇರಿದ ಆ 1945ರಲ್ಲೇ ಒಡೆಯರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸತೊಡಗಿದರು. ಸಿಂಹಾಸನಕ್ಕೆ ಬಂದ ಮೇಲೆ ಆಸ್ಥಾನದ ವಿದ್ವಾಂಸರ ಒಡನಾಟ ಅವರನ್ನು ಇತ್ತ ಎಳೆದಿತ್ತು. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತರು. ರಚನೆಯ ಮರ್ಮವನ್ನು ವೃದ್ಧರಾದ ವಾಸುದೇವಾಚಾರ್ಯರು ತಿಳಿಸಿಕೊಟ್ಟರು. ಎರಡು ವರ್ಷಗಳೊಳಗೆ ಸಂಸ್ಕೃತದಲ್ಲಿ 94 ಕೃತಿಗಳು ಹೊರಬಂದವು. ಎಲ್ಲಕ್ಕೂ ಶ್ರೀವಿದ್ಯಾ ಎಂಬ ಅಂಕಿತ. ಅವುಗಳಲ್ಲಿ ಅನೇಕವು ದುರ್ವಾಂಕಿ, ಭೂಪಾಲಪಂಚಮದಂಥ, ಬೇರೆಯವರು ಅಪರೂಪಕ್ಕೆ ಮುಟ್ಟುವ ರಾಗಗಳಲ್ಲಿ. ಅಠಾಣ ರಾಗದ ಗಣಪತಿಯ ಕೃತಿಯಂತೂ ಇಂದು ಕಛೇರಿಗಳಲ್ಲಿ ಮನೆಮಾತು. ಹಾಡುವ ಎಷ್ಟೋ ಮಂದಿಗೆ ಅದು ಅರಸನೊಬ್ಬನ ರಚನೆಯೆಂಬುದೇ ತಿಳಿದಿಲ್ಲ.

ಮಣೆಯನ್ನು ಹೊಡೆದು ಕೈಬಿಡಬೇಕಾದ ವಾದ್ಯದಿಂದ, ತಂತಿಯನ್ನು ಮೆಟ್ಟಿಲ ಮೇಲೆ ಜಗ್ಗಿ ಸ್ವರವನ್ನು ಕೊನೆಯತನಕ ಬೆರಳಲ್ಲೇ ಇಟ್ಟುಕೊಳ್ಳುವ ವೀಣೆಗೆ ಬಂದುದು ಸಣ್ಣ ದಾಟಲ್ಲ. ಕೆಲವರು ಇದನ್ನು ಪರಕೀಯತೆಯಿಂದ ಸ್ವಕೀಯತೆಗೆ ಮರಳುವಿಕೆಯೆಂದು ಕೊಂಡಾಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮರಳಿದವರಾಗಿದ್ದರೆ ಮೆಟ್ನರನನ್ನು ಮರೆಯುತ್ತಿದ್ದರು. ಸಭೆಯಲ್ಲಿ ನುಡಿಸುವ ದಾರಿ ಮುಚ್ಚಿದ್ದರಿಂದ ಒಳಗೆ ಕಟ್ಟಿಕೊಂಡ ನಾದ ಎರಡು ಕಡೆ ಒಡೆದು ಹರಿಯಿತು: ಒಂದು ಕಡೆ ಬೇರೆಯವರ ಕೈಯಲ್ಲಿ, ಇನ್ನೊಂದು ಕಡೆ ಬೇರೆಯವರ ಕಂಠದಲ್ಲಿ. ಎರಡರಲ್ಲಿಯೂ ಅವರು ತೆರೆಯ ಹಿಂದೆಯೇ ಉಳಿದರು.

1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಮೊತ್ತಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಸಭೆ ನಷ್ಟವಾದರೆ ತುಂಬಿಕೊಡಲು 4,800 ಡಾಲರುಗಳ ಭರವಸೆ ಕೊಟ್ಟವರು ನಮ್ಮ ಒಡೆಯರು. ಅವರಿಗೆ ಅಂದು ಅಲ್ಲಿಗೆ ಹೋಗಲಾಗಲಿಲ್ಲ. ಆ ವೇಳೆಗೆ ಅವರು ಗಣರಾಜ್ಯದ ರಾಜಪ್ರಮುಖರು. ಹಾಡುಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸಿಕೊಟ್ಟರು. ಲೋಕದ ಸಂಗೀತ ಚರಿತ್ರೆಯಲ್ಲಿ ಹೆಸರಾದ ಆ ಸಂಜೆಯನ್ನು, ಅದನ್ನು ಆಗಮಾಡಿದವರು ಅರಮನೆಯ ಕೋಣೆಯಲ್ಲಿ ತಟ್ಟೆ ತಿರುಗಿಸಿ ಕೇಳಬೇಕಾಯಿತು.

ಮುಂದಿನದು ತಿಳಿದ ಕಥೆ. 1956ರಲ್ಲಿ ಕನ್ನಡ ನಾಡು ಒಂದಾದಾಗ ಅವರು ವಿಶಾಲ ಮೈಸೂರಿನ ರಾಜ್ಯಪಾಲರಾದರು; ನಮ್ಮ ದಕ್ಷಿಣ ಕನ್ನಡವೂ ಅವರ ಆಳ್ವಿಕೆಗೆ ಸೇರಿದ್ದು ಆಗಲೇ. 1964ರಲ್ಲಿ ಮದರಾಸಿಗೆ ರಾಜ್ಯಪಾಲರಾಗಿ ಹೋದರು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಅವರಿಗೆ ವಯಸ್ಸು ಐವತ್ತೈದು. ನ್ಯೂಯಾರ್ಕಿನಲ್ಲಿ ಪಿಯಾನೋ ಕಲಿತು ಬಂದಿದ್ದ ತಂಗಿ ವಿಜಯಾದೇವಿಯವರು ಅದೇ ವರ್ಷ ಬೆಂಗಳೂರಿನಲ್ಲಿ ಎರಡೂ ಬಗೆಯ ಸಂಗೀತಕ್ಕಾಗಿ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು.

ಪರ್ಕಳದ ಆ ಪಿಯಾನೋ ಈಗ ಒಂದಿಷ್ಟು ಚೇತರಿಸಿಕೊಂಡಿದೆ. ಅದರ ಹೊಟ್ಟೆಯೊಳಗೆ ಹಗಲಿರುಳು ಒಂದು ಸಣ್ಣ ವಿದ್ಯುದ್ದೀಪ ಉರಿಯುತ್ತಿರುತ್ತದೆ, ತೇವ ಹಿಡಿಯದಿರಲೆಂದು. ಕೆಳಗಿನ ಎರಡು ಮಣೆಗಳು ಮಾತ್ರ ಇನ್ನೂ ಏಳುವುದಿಲ್ಲ. ಮೊನ್ನೆ ಮಳೆ ಹಿಡಿದ ಸಂಜೆ ಮೆಟ್ನರನ ಮೂರನೆಯ ಕನ್ಚೆರ್ಟೋದ ಆ ಹಳೆಯ ಧ್ವನಿಮುದ್ರಿಕೆಯನ್ನು ಹಿರಿಯರಿಗೆ ಕೇಳಿಸಿದೆ. ತಟ್ಟೆಯ ಕರಕರ ಸದ್ದೂ ಹಂಚಿನ ಮೇಲಿನ ಮಳೆಯ ಸದ್ದೂ ಬೆರೆತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಮುಗಿದ ಮೇಲೆ ಅವರು ಎದ್ದುಹೋಗಿ ಪಿಯಾನೋದ ಮುಚ್ಚಳ ತೆಗೆದು, ಏಳದ ಆ ಎರಡು ಮಣೆಗಳನ್ನು ಮತ್ತೊಮ್ಮೆ ಒತ್ತಿ ನೋಡಿದರು.