ಲೆಕ್ಕದ ಕಡತ ಬಿಟ್ಟು ರಗಳೆ ಹಿಡಿದ ಹಳೇಬೀಡಿನ ಕರಣಿಕ

ಬರೆಯುವ ಹುಚ್ಚು ನಮ್ಮ ಕಣಕಟ್ಟೆ ಹೋಬಳಿಗೆ ಹೊಸದೇನಲ್ಲ. ಊರಿಗೆ ಒಬ್ಬಿಬ್ಬರಾದರೂ ಇದ್ದೇ ಇರ್ತಾರೆ. ಯುಗಾದಿಗೊಂದು ಪದ್ಯ, ರಾಜ್ಯೋತ್ಸವಕ್ಕೊಂದು ಪದ್ಯ, ಆಮೇಲೆ ನೋಟ್‌ಬುಕ್ಕು ಅಟ್ಟ ಸೇರುತ್ತೆ. ಯಾಕಪ್ಪಾ ಅಂದರೆ ಪುರಸೊತ್ತಿಲ್ಲ ಅಂತಾರೆ. ಕಾಯಿ ಸುಲಿಸೋದಿದೆ, ಕೊಬ್ಬರಿ ಮಾರೋದಿದೆ, ಸೊಸೈಟಿ ಲೆಕ್ಕ ಇದೆ, ಸ್ಕೂಲಿದೆ. ಸುಳ್ಳಲ್ಲ ಸ್ವಾಮಿ, ಇದೆ. ಆದರೆ ಅರಸೀಕೆರೆಗೆ ಬಂದು ಜಾವಗಲ್ ಮೇಲೆ ಹೋದರೆ ಸಿಗುವ ಹಳೇಬೀಡಿನಲ್ಲಿ, ಸುಮಾರು 800 ವರ್ಷದ ಹಿಂದೆ, ಇಂಥದೇ ಲೆಕ್ಕದ ಕೆಲಸದಲ್ಲಿ ಮುಳುಗಿದ್ದವನೊಬ್ಬ ಇದ್ದ. ಅವನು ಬರೆದಿಟ್ಟು ಹೋದ ರಗಳೆಗಳೇ ನೂರರ ಹತ್ತಿರ. ಹೆಸರು ಹರಿಹರ.

ಆಗ ಹಳೇಬೀಡು ದೋರಸಮುದ್ರ. ಹೊಯ್ಸಳರ ರಾಜಧಾನಿ. ಅರಮನೆಯ ಲೆಕ್ಕಪತ್ರ ಬರೆಯುವವರಿಗೆ ಕರಣಿಕರು ಅಂತ ಹೆಸರು. ದಾನ ಎಷ್ಟು, ಕೆರೆ ಕೆಳಗಿನ ಗದ್ದೆ ಎಷ್ಟು, ತೆರಿಗೆ ಯಾರಿಗೆ ಬಿಟ್ಟದ್ದು, ಗಡಿ ಎಲ್ಲಿ, ಎಲ್ಲ ಬರಹದಲ್ಲೇ ಇರಬೇಕು. ಹೊಯ್ಸಳರ ಶಾಸನಗಳನ್ನು ಓದಿದರೆ ಆ ಕಾಲದ ಲೆಕ್ಕ ಎಷ್ಟು ಬಿಗಿ ಅಂತ ಗೊತ್ತಾಗುತ್ತೆ. ನಮ್ಮ ಕಣಕಟ್ಟೆಯ ಶಾಸನಗಳೂ ರೈಸ್ ಸಾಹೇಬರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿವೆ. ಇಂಥ ಕೆಲಸಕ್ಕೆ ಕೂತವನ ಕೈ ದಿನವೂ ಓಡಲೇಬೇಕು. ಇವತ್ತು ಮನಸ್ಸಿಲ್ಲ, ನಾಳೆ ನೋಡೋಣ ಅನ್ನೋ ಹಾಗಿಲ್ಲ.

ಹರಿಹರನ ಬಗ್ಗೆ ನಮಗೆ ಸಿಗುವ ಕಥೆಗಳು ಅವನ ಕಾಲದವಲ್ಲ, ನೂರಾರು ವರ್ಷ ಕಳೆದ ಮೇಲೆ ವೀರಶೈವ ಪುರಾಣಕಾರರು ಬರೆದವು. ಕಥೆಯನ್ನು ಕಥೆ ಅಂತಲೇ ಹೇಳ್ತೀನಿ. ಈತ ಹೊಯ್ಸಳ ನರಸಿಂಹ ಬಲ್ಲಾಳನ ಕರಣಿಕ. ಕೂತದ್ದು ಲೆಕ್ಕಕ್ಕೆ, ಮನಸ್ಸು ಹಂಪೆಯ ವಿರೂಪಾಕ್ಷನಲ್ಲಿ. ಲೆಕ್ಕದ ಬರಹದಲ್ಲೂ ವಿರೂಪಾಕ್ಷನ ಹೆಸರೇ ಬಂದು ಸೇರುತ್ತಿತ್ತಂತೆ. ಒಂದು ದಿನ ರಾಜನ ಮುಂದೆ ಕಡತ ಹಿಡಿದು ಕೂತಿದ್ದವನು ಇದ್ದಕ್ಕಿದ್ದಂತೆ ಎರಡೂ ಕೈಯಿಂದ ಉಜ್ಜತೊಡಗಿದ. ಸಭೆಗೆ ಗಾಬರಿ. ಹಂಪೆಯ ಗುಡಿಯಲ್ಲಿ ಪರದೆಗೆ ಬೆಂಕಿ ಹತ್ತಿತ್ತು, ಅದನ್ನು ಆರಿಸಿದೆ ಅಂದನಂತೆ. ಹಳೇಬೀಡಿಗೂ ಹಂಪೆಗೂ 200 ಕಿಲೋಮೀಟರಿಗೆ ಮೇಲೆ. ಆಳು ಕಳಿಸಿ ವಿಚಾರಿಸಿದರೆ ಮಾತು ನಿಜವಾಗಿತ್ತು. ಇನ್ನು ಇವನನ್ನು ಲೆಕ್ಕಕ್ಕೆ ಕೂರಿಸೋದು ತರವಲ್ಲ ಅಂತಾಯಿತು, ಹರಿಹರ ಹಂಪೆಗೆ ಹೋದ.

ಪವಾಡ ನಂಬೋದು ಬಿಡೋದು ನಿಮಗೆ ಸೇರಿದ್ದು. ನನ್ನ ಕಣ್ಣು ಇರೋದು ಆ ಕಡತದ ಮೇಲೆ. ಹಂಪೆಗೆ ಹೋದ ಮೇಲೆ ಈ ಮನುಷ್ಯ ಬರೆದ ರೀತಿ ನೋಡಿದರೆ, ಅರಮನೆ ಬಿಟ್ಟರೂ ಕರಣಿಕನ ಕೈ ಅವನನ್ನು ಬಿಡಲಿಲ್ಲ ಅನ್ನಿಸುತ್ತೆ. ಕೆಲಸ ಅದೇ, ಯಜಮಾನ ಮಾತ್ರ ಬದಲು. ರಗಳೆಗಳಲ್ಲಿ ಹಂಪೆಯ ವಿರೂಪಾಕ್ಷನ ಅಂಕಿತ, ಲೆಕ್ಕಕ್ಕೆ ರುಜು ಹಾಕಿದ ಹಾಗೆ.

ಅಷ್ಟೊಂದು ಬರೆಯೋಕೆ ಸಾಧ್ಯವಾದದ್ದು ಹೇಗೆ? ಒಂದು ಕಾರಣ ಅವನು ಹಿಡಿದ ಛಂದಸ್ಸು. ಅವನಿಗೆ ಮುಂಚೆ ದೊಡ್ಡ ಕವಿ ಅನ್ನಿಸಿಕೊಳ್ಳಬೇಕಾದರೆ ಚಂಪೂ ಬರೆಯಬೇಕಿತ್ತು. ಕಂದ, ವೃತ್ತ, ಗದ್ಯ, ನಡುನಡುವೆ ಪಾಂಡಿತ್ಯ. ಅದು ಗೋಪುರ ಕಟ್ಟುವ ಕೆಲಸ. ರಗಳೆ ಹಾಗಲ್ಲ. ಎರಡೆರಡು ಸಾಲಿಗೆ ಪ್ರಾಸ, ಮಾತ್ರೆ ತಪ್ಪಬಾರದು, ಅಷ್ಟೇ. ಇಷ್ಟೇ ಸಾಲಿಗೆ ನಿಲ್ಲಿಸಬೇಕು ಅನ್ನೋ ಕಟ್ಟಿಲ್ಲ. ಸಂಜೆ ಬಿಟ್ಟದ್ದನ್ನು ಬೆಳಿಗ್ಗೆ ಅಲ್ಲಿಂದಲೇ ಎತ್ತಿಕೊಳ್ಳಬಹುದು. ದೊಡ್ಡ ರಗಳೆಗಳನ್ನು ಅವನು ಸ್ಥಲಗಳಾಗಿ ಒಡೆದ. ಒಂದು ಸ್ಥಲ ಪದ್ಯವಾದರೆ ಮುಂದಿನದು ಗದ್ಯ. ಕೈ ಒಂದರಲ್ಲಿ ಸೋತರೆ ಇನ್ನೊಂದರಲ್ಲಿ ಸುಧಾರಿಸಿಕೊಳ್ಳುತ್ತೆ. ಹೀಗೆ ತಮಿಳುನಾಡಿನ ನಂಬಿಯಣ್ಣ ಬಂದ, ಬಸವಣ್ಣ ಬಂದರು, ಅಕ್ಕಮಹಾದೇವಿ, ಅಲ್ಲಮ ಬಂದರು. ಮಡಕೆ ಮಾಡುವ ಗುಂಡಯ್ಯ ಬಂದ, ಮಾದಾರ ಚೆನ್ನಯ್ಯ ಬಂದ. ರಾಜನ ಕಥೆ ಬೇಡ, ಶಿವಭಕ್ತರ ಕಥೆ ಸಾಕು ಅಂತ ಅವನ ಹಟ. ಹಾಗಾಗಿ ನಾಳೆ ಯಾರ ಬಗ್ಗೆ ಬರೆಯಲಿ ಅನ್ನೋ ಚಿಂತೆಯೂ ಕಮ್ಮಿ.

ಪಂಡಿತರು ಸುಮ್ಮನಿದ್ದಾರೆಯೇ? ಇವನೇನು, ರಗಳೆ ಕವಿ ಅಂತ ಹಂಗಿಸಿದರಂತೆ. ಅವರ ಬಾಯಿ ಮುಚ್ಚಿಸೋಕೆ ಹತ್ತು ಆಶ್ವಾಸದ ಚಂಪೂ ಗಿರಿಜಾಕಲ್ಯಾಣ ಬರೆದ ಅಂತ ಒಂದು ಮಾತಿದೆ. ಇಲ್ಲ, ಅದೇ ಮೊದಲು ಬರೆದದ್ದು ಅಂತ ವಾದಿಸುವ ವಿದ್ವಾಂಸರೂ ಇದ್ದಾರೆ.

ಅವನ ದಿನಚರಿ ಹೇಗಿತ್ತು ಅಂತ ಊಹಿಸಬೇಕಾದರೆ ಪುಷ್ಪರಗಳೆ ಓದಬೇಕು. ನಸುಕಿನಲ್ಲಿ ಎದ್ದು ತೋಟಕ್ಕೆ ಹೋಗೋದು, ಹೂವನ್ನು ಮಾತಾಡಿಸಿ ಬಿಡಿಸೋದು, ತಂದು ವಿರೂಪಾಕ್ಷನಿಗೆ ಏರಿಸೋದು. ಇಷ್ಟೇ ವಿಷಯ. ನಾಳೆಯ ಪೂಜೆಗೆ ಮತ್ತೆ ಹೊಸ ಹೂವೇ ಬೇಕು. ಇದನ್ನು ಬರೆದವನು ದಿನಾ ತೋಟಕ್ಕೆ ಹೋದವನೇ ಇರಬೇಕು.

ಎಲ್ಲವೂ ಚಿನ್ನವೇ ಅಂತ ಹೇಳೋಕೆ ನನ್ನ ಕೈಲಾಗೋಲ್ಲ. ಕೆಲವು ಕಡೆ ವರ್ಣನೆ ಎಳೆದಾಡುತ್ತೆ, ಹೇಳಿದ್ದನ್ನೇ ಹೇಳುತ್ತಾನೆ. ದಿನಾ ಬರೆಯುವವನಿಗೆ ಮಂಕು ದಿನಗಳೂ ಇರ್ತವೆ, ಅವೂ ತಾಳೆಗರಿ ಸೇರಿವೆ. ಆದರೆ ನಂಬಿಯಣ್ಣನ ರಗಳೆಯಂಥದು ಆ ಮಂಕು ದಿನಗಳನ್ನೆಲ್ಲ ದಾಟಿದ ಕೈಗೇ ಸಿಗೋದು.

ಶಿಸ್ತಿನ ಇನ್ನೊಂದು ಮುಖ ಅವನ ಸೋದರಳಿಯ ರಾಘವಾಂಕನ ಕಥೆಯಲ್ಲಿದೆ. ಅಳಿಯ ಷಟ್ಪದಿಯಲ್ಲಿ ಹರಿಶ್ಚಂದ್ರನ ಕಾವ್ಯ ಬರೆದ. ಮನುಷ್ಯನನ್ನು, ಅದೂ ಒಬ್ಬ ರಾಜನನ್ನು ಹೊಗಳಿದೆಯಲ್ಲ ಅಂತ ಮಾವನಿಗೆ ಸಿಟ್ಟು. ಹಾವುಗೆ ಎಸೆದನಂತೆ, ಐದು ಹಲ್ಲು ಉದುರಿದವಂತೆ. ಅಳಿಯ ಐದು ಶೈವಕಾವ್ಯ ಬರೆದ ಮೇಲೆ ಒಂದೊಂದೇ ಹಲ್ಲು ಮರಳಿ ಬಂತು ಅಂತ ಕಥೆ. ಇಲ್ಲಿ ಮಾತ್ರ ನನ್ನ ಓಟು ಅಳಿಯನಿಗೆ. ತನ್ನ ಕೈಗೆ ಹಾಕಿಕೊಂಡ ನಿಯಮವನ್ನು ಇನ್ನೊಬ್ಬನ ಹಲ್ಲಿನ ಮೇಲೆ ಹೇರಬಾರದಿತ್ತು. ಹರಿಶ್ಚಂದ್ರ ಕಾವ್ಯವನ್ನು ಕನ್ನಡನಾಡು ಇವತ್ತಿಗೂ ಬಿಟ್ಟಿಲ್ಲ.

ಹರಿಹರನ ಗರಿಗಳು ಮಠಗಳಲ್ಲಿ, ಮನೆಗಳಲ್ಲಿ ನಕಲಾಗುತ್ತಾ ಉಳಿದವು. ಕಳೆದ ಶತಮಾನದಲ್ಲಿ ವಿಜಾಪುರದ ಫ.ಗು. ಹಳಕಟ್ಟಿ, ಮೈಸೂರಿನ ಟಿ.ಎಸ್. ವೆಂಕಣ್ಣಯ್ಯ ಮುಂತಾದವರು ಹುಡುಕಿ ಅಚ್ಚು ಹಾಕಿಸಿದರು. ಬಸವರಾಜದೇವರ ರಗಳೆಗೆ 25 ಸ್ಥಲ ಇತ್ತು ಅಂತಾರೆ. ಈವರೆಗೆ ಕೈಗೆ ಬಂದಿರೋದು 13. ಉಳಿದದ್ದು ಯಾವ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋಯಿತೋ.