ಹೆನ್ರಿ ಡಾರ್ಸಿ

ಬಿದ್ದ ಮಳೆಯ ನೀರೆಲ್ಲವೂ ಹೊಳೆಯ ಪಾಲಾಗುವುದಿಲ್ಲ. ಒಂದಂಶ ಆವಿಯಾಗುತ್ತದೆ, ಇನ್ನೊಂದಂಶ ನೆಲದೊಳಗೆ ಇಳಿದು ಮಣ್ಣು ಮರಳುಗಳ ಸಂದಿನಲ್ಲಿ ಮೆಲ್ಲಮೆಲ್ಲನೆ ಸಾಗುತ್ತದೆ. ಕಣ್ಣಿಗೆ ಕಾಣದ ಈ ಹರಿವಿಗೂ ನಿಯಮವುಂಟೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಫ್ರಾನ್ಸ್ ದೇಶದ ಇಂಜಿನಿಯರ್ ಹೆನ್ರಿ ಡಾರ್ಸಿ.

ಡಾರ್ಸಿ 1803ರಲ್ಲಿ ದಿಜೋನ್ ನಗರದಲ್ಲಿ ಜನಿಸಿದನು. ಹದಿನಾಲ್ಕರ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ತಾಯಿ ಸಾಲ ಮಾಡಿ ಮಗನನ್ನು ಓದಿಸಿದಳು. ಪ್ಯಾರಿಸ್ಸಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿದ ಡಾರ್ಸಿ ಸರ್ಕಾರದ ಸೇವೆಗೆ ಸೇರಿ ಹುಟ್ಟೂರಿಗೆ ಮರಳಿದನು.

ಆಗ ದಿಜೋನಿನ ಜನ ಶುದ್ಧವಾದ ಕುಡಿಯುವ ನೀರಿಗಾಗಿ ಪರದಾಡುತ್ತಿದ್ದರು. ನಗರದಲ್ಲಿ ಆಳವಾದ ಬಾವಿಯನ್ನು ಕೊರೆದರೂ ಸಾಕಾಗುವಷ್ಟು ನೀರು ದೊರೆಯಲಿಲ್ಲ. ಡಾರ್ಸಿ ಎದೆಗುಂದಲಿಲ್ಲ. ಸುಮಾರು 12 ಕಿಲೋಮೀಟರ್ ದೂರದ ರೋಜ್ವಾರ್ ಚಿಲುಮೆಯಿಂದ ಮುಚ್ಚಿದ ಕಾಲುವೆಯಲ್ಲಿ ನೀರು ತರುವ ಯೋಜನೆಯನ್ನು 1834ರಲ್ಲಿ ಮುಂದಿಟ್ಟನು. ಇಳಿಜಾರಿನಿಂದಲೇ ನೀರು ಹರಿದುಬರುವಂತಿದ್ದುದರಿಂದ ಯಂತ್ರದ ಹಂಗಿರಲಿಲ್ಲ. 1840ರಲ್ಲಿ ನೀರು ನಗರವನ್ನು ಮುಟ್ಟಿತು. ಕ್ರಮೇಣ ಬೀದಿಬೀದಿಗೂ ಕೊಳಾಯಿಗಳು ಹರಡಿ, ಬಡವರಿಗೂ ಶುದ್ಧ ನೀರು ದಕ್ಕಿತು. ಈ ಕಾರ್ಯಕ್ಕಾಗಿ ತನಗೆ ಸಲ್ಲಬೇಕಾಗಿದ್ದ ದೊಡ್ಡ ಮೊತ್ತವನ್ನು ಡಾರ್ಸಿ ಸ್ವೀಕರಿಸಲಿಲ್ಲ. ಒಂದು ಚಿನ್ನದ ಪದಕವನ್ನೂ ಜೀವಮಾನ ಪರ್ಯಂತ ಉಚಿತ ನೀರನ್ನೂ ಮಾತ್ರ ಒಪ್ಪಿಕೊಂಡನು.

ಮುಂದೆ ಪ್ಯಾರಿಸ್ಸಿನಲ್ಲಿ ಉನ್ನತ ಹುದ್ದೆಯಲ್ಲಿದ್ದಾಗ ಅವನ ಆರೋಗ್ಯ ಕೆಟ್ಟಿತು. ಹುದ್ದೆಯ ಹೊಣೆಯಿಂದ ಬಿಡುಗಡೆ ಪಡೆದರೂ ವಿಶ್ರಾಂತಿಯನ್ನು ಬಯಸಲಿಲ್ಲ. ನೀರನ್ನು ಮರಳಿನಲ್ಲಿ ಸೋಸುವುದು ಜನರಿಗೆ ತಿಳಿದಿತ್ತು. ಆದರೆ ಎಷ್ಟು ಮರಳಿನ ಮೂಲಕ ಎಷ್ಟು ನೀರು ಹಾಯುವುದೆಂಬ ಲೆಕ್ಕ ತಿಳಿದಿರಲಿಲ್ಲ. 1855 ಮತ್ತು 1856ರಲ್ಲಿ ಡಾರ್ಸಿ ದಿಜೋನಿನಲ್ಲಿ ಸಹಾಯಕರೊಡನೆ, ನೆಟ್ಟಗೆ ನಿಲ್ಲಿಸಿದ ಕೊಳವೆಯೊಂದರಲ್ಲಿ ಮರಳನ್ನು ತುಂಬಿ, ಅದರ ಮೂಲಕ ನೀರನ್ನು ಹಾಯಿಸಿ, ಹೊರಬಂದ ನೀರನ್ನು ಅಳೆದನು. ಮರಳಿನ ಮೇಲಣ ಹಾಗೂ ಕೆಳಗಣ ನೀರಿನ ಮಟ್ಟಗಳ ಅಂತರ ಇಮ್ಮಡಿಯಾದರೆ ಹರಿವೂ ಇಮ್ಮಡಿಯಾಗುತ್ತಿತ್ತು. ಮರಳಿನ ಪದರದ ದಪ್ಪ ಇಮ್ಮಡಿಯಾದರೆ ಹರಿವು ಅರ್ಧಕ್ಕೆ ಇಳಿಯುತ್ತಿತ್ತು. ಮರಳಿನ ಗುಣಕ್ಕೆ ತಕ್ಕಂತೆ ಹರಿವಿನ ಪ್ರಮಾಣವೂ ಬೇರೆಯಾಗುತ್ತಿತ್ತು. ಇದೇ ಡಾರ್ಸಿಯ ನಿಯಮ. ದಿಜೋನ್ ನಗರದ ನೀರಿನ ವ್ಯವಸ್ಥೆಯನ್ನು ಕುರಿತು 1856ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅವನು ಇದನ್ನು ಅನುಬಂಧವಾಗಿ ಸೇರಿಸಿದನು.

1858ರ ಜನವರಿಯಲ್ಲಿ ಡಾರ್ಸಿ ತೀರಿಕೊಂಡನು. ದಿಜೋನಿನ ಚೌಕವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಜಗತ್ತಿನಲ್ಲೆಲ್ಲ ಅಂತರ್ಜಲದ ಹರಿವನ್ನು ಲೆಕ್ಕ ಹಾಕುವವರು ಅವನ ನಿಯಮವನ್ನೇ ಆಧರಿಸುತ್ತಾರೆ. ಹುಟ್ಟೂರಿನ ಬಾಯಾರಿಕೆಯನ್ನು ನೀಗಿಸಲು ಹೊರಟವನ ದುಡಿಮೆ ಲೋಕಕ್ಕೆಲ್ಲ ಉಪಕಾರವಾಯಿತು.