ಹೊಸ ಶಾಲೆಯಲ್ಲಿ ಬಾಲಕ ಭೀಮರಾವ

ಪ್ರೌಢಶಾಲೆಯ ಹೊಸ್ತಿಲನ್ನು ಮೊದಲ ಬಾರಿಗೆ ದಾಟುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಉತ್ಸಾಹದೊಡನೆ ಅಳುಕೂ ಇರುವುದು ಸಹಜ. ಗುರುಗಳು ಹೊಸಬರು, ಸಹಪಾಠಿಗಳು ಹೊಸಬರು, ಪಾಠಗಳೂ ಮೊದಲಿಗಿಂತ ಕಠಿಣ. ಈ ಅಳುಕನ್ನು ನಾವೆಲ್ಲರೂ ಬಲ್ಲೆವು. ಆದರೆ ನಾವು ವಾಸಿಸುವ ಈ ಮುಂಬಯಿಯಲ್ಲಿಯೇ, ನೂರು ವರ್ಷಗಳಿಗೂ ಹಿಂದೆ, ಒಬ್ಬ ಬಾಲಕನು ಹೊಸ ಶಾಲೆಗೆ ಸೇರಿದಾಗ ಅವನಿಗೆ ಎದುರಾದ ತೊಡಕು ಬೇರೆಯೇ ಬಗೆಯದಾಗಿತ್ತು. ಆ ಬಾಲಕನೇ ಮುಂದೆ ಡಾ. ಭೀಮರಾವ ಅಂಬೇಡಕರ ಎಂದು ಲೋಕವಿಖ್ಯಾತನಾದನು.

ಭೀಮರಾವನು 1891ನೆಯ ಇಸವಿಯ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದನು. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಭೇದಾರರು. ಅವರ ಹದಿನಾಲ್ಕು ಮಕ್ಕಳಲ್ಲಿ ಇವನೇ ಕೊನೆಯವನು. ತಾಯಿ ಭೀಮಾಬಾಯಿಯವರು ಇವನ ಎಳವೆಯಲ್ಲಿಯೇ ತೀರಿಕೊಂಡರು. ಸಾತಾರೆಯ ಶಾಲೆಯಲ್ಲಿ ಈ ಬಾಲಕನು ಇತರರಿಂದ ದೂರವಾಗಿ, ಮನೆಯಿಂದ ತಾನೇ ತಂದ ಗೋಣಿಯ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಅಸ್ಪೃಶ್ಯರೆಂದು ಎಣಿಸಲಾಗಿದ್ದ ಮಹಾರ ಕುಲದಲ್ಲಿ ಹುಟ್ಟಿದುದೇ ಅದಕ್ಕೆ ಕಾರಣ. ಬಾಯಾರಿದರೆ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಶಾಲೆಯ ಜವಾನನೇ ಬಂದು ಅದನ್ನು ತಿರುಗಿಸಬೇಕು. ಜವಾನನು ಬಾರದ ದಿನ ನೀರೂ ಇಲ್ಲ.

ಕೆಲಕಾಲದ ಮೇಲೆ ಸಂಸಾರವು ಮುಂಬಯಿಗೆ ಬಂದು ಪರೇಲಿನ ಒಂದು ಚಾಳಿನಲ್ಲಿ ನೆಲೆಸಿತು. ಭೀಮರಾವನು ಎಲ್ಫಿನ್‌ಸ್ಟನ್ ಹೈಸ್ಕೂಲನ್ನು ಸೇರಿದನು. ಅದು ಸರಕಾರದ ಹೆಸರಾಂತ ಶಾಲೆ. ಆದರೂ ಸಾತಾರೆಯಲ್ಲಿ ಕಂಡ ಭೇದಭಾವವು ಇಲ್ಲಿಯೂ ಬೆನ್ನು ಬಿಡಲಿಲ್ಲ. ಒಂದು ದಿನ ಗುರುಗಳು ಲೆಕ್ಕವೊಂದನ್ನು ಬಿಡಿಸಲು ಅವನನ್ನು ಕರಿಹಲಗೆಯ ಬಳಿಗೆ ಕರೆದರು. ತಕ್ಷಣವೇ ತರಗತಿಯಲ್ಲಿ ಗದ್ದಲವೆದ್ದಿತು. ಹುಡುಗರ ಬುತ್ತಿಯ ಡಬ್ಬಿಗಳು ಹಲಗೆಯ ಹಿಂದೆ ಇದ್ದುವು. ಅವನು ಹಲಗೆಯನ್ನು ಮುಟ್ಟಿದರೆ ಅನ್ನವು ಮೈಲಿಗೆಯಾಗುವುದೆಂದು ಅವರು ಓಡಿಹೋಗಿ ಡಬ್ಬಿಗಳನ್ನು ಎತ್ತಿಕೊಂಡರು. ಆಮೇಲೆಯೇ ಭೀಮರಾವನು ಲೆಕ್ಕವನ್ನು ಬಿಡಿಸಿದನು.

ಸಂಸ್ಕೃತವನ್ನು ಕಲಿಯಬೇಕೆಂಬ ಹಂಬಲ ಅವನಿಗೆ ಬಹಳವಾಗಿತ್ತು. ಆ ಬಾಗಿಲೂ ಅವನ ಪಾಲಿಗೆ ಮುಚ್ಚಿತ್ತು. ನಿರುಪಾಯನಾಗಿ ಪಾರಸೀ ಭಾಷೆಯನ್ನು ಆರಿಸಿಕೊಂಡನು. ಮುಂದೆ ದೊಡ್ಡವನಾದ ಮೇಲೆ ಸ್ವಂತ ಪರಿಶ್ರಮದಿಂದ ಸಂಸ್ಕೃತವನ್ನೂ ಅಭ್ಯಾಸ ಮಾಡಿದನು.

ಇಂತಹ ಶಾಲೆಯಲ್ಲಿ ಅವನು ನೆಲೆಯೂರಿದುದು ಹೇಗೆ? ಮನೆಯೇ ಅವನ ಮೊದಲನೆಯ ಆಸರೆ. ಇದ್ದುದು ಒಂದೇ ಕೋಣೆ. ಅಡಿಗೆ, ಊಟ, ನಿದ್ರೆ ಎಲ್ಲವೂ ಅಲ್ಲಿಯೇ. ಓದಲು ಎಡೆಯಿಲ್ಲವೆಂದು ಮಗನನ್ನು ಬೇಗನೆ ಮಲಗಿಸಿ, ರಾತ್ರಿ ಎರಡು ಗಂಟೆಗೆ ತಂದೆಯು ಎಬ್ಬಿಸುತ್ತಿದ್ದರು. ಎಲ್ಲರೂ ನಿದ್ರಿಸುತ್ತಿರುವಾಗ ಚಿಮಣಿ ಎಣ್ಣೆಯ ದೀಪದ ಮುಂದೆ ಅವನ ಓದು ಬೆಳಗಿನವರೆಗೆ ಸಾಗುತ್ತಿತ್ತು. ಪುಸ್ತಕ ಕೊಳ್ಳಲು ಹಣ ಸಾಲದಿದ್ದಾಗ ರಾಮಜಿಯವರು ವಿವಾಹಿತ ಪುತ್ರಿಯರ ಒಡವೆಗಳನ್ನು ಬೇಡಿ ತಂದು ಒತ್ತೆಯಿಡುತ್ತಿದ್ದರು. ಪಿಂಚಣಿ ಬಂದೊಡನೆ ಬಿಡಿಸಿ ಹಿಂದಿರುಗಿಸುತ್ತಿದ್ದರು.

ಎರಡನೆಯ ಆಸರೆಯು ಹೊರಗಿನಿಂದ ಬಂದಿತು. ಶಾಲೆ ಬಿಟ್ಟ ಮೇಲೆ ಭೀಮರಾವನು ಚರ್ನಿ ರೋಡಿನ ಉದ್ಯಾನದಲ್ಲಿ ಕುಳಿತು ಓದುತ್ತಿದ್ದನು. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೆಳೂಸ್ಕರರು ಬೇರೊಂದು ಶಾಲೆಯ ಶಿಕ್ಷಕರು, ಮರಾಠಿಯ ಗ್ರಂಥಕರ್ತರು. ಈ ಹುಡುಗನ ಓದಿನ ಆಸಕ್ತಿಯನ್ನು ಕಂಡು ಮೆಚ್ಚಿ, ಅವನನ್ನು ಮಾತನಾಡಿಸಿ, ಪುಸ್ತಕಗಳನ್ನು ಕೊಡತೊಡಗಿದರು.

1907ರಲ್ಲಿ ಭೀಮರಾವನು ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ದೊರೆತ ಅಂಕಗಳು 750ಕ್ಕೆ 282. ದೊಡ್ಡ ಸಂಖ್ಯೆಯೇನೂ ಅಲ್ಲ. ಆದರೆ ಅವನ ಸಮಾಜಕ್ಕೆ ಅದೊಂದು ಹಬ್ಬವೇ ಆಯಿತು. ಸನ್ಮಾನಸಭೆಯಲ್ಲಿ ಕೆಳೂಸ್ಕರರು ತಾವು ಬರೆದ ಬುದ್ಧಚರಿತ್ರೆಯನ್ನು ಅವನಿಗೆ ಬಹುಮಾನವಾಗಿ ಕೊಟ್ಟರು. ಅವರ ನೆರವಿನಿಂದಲೇ ಮುಂದೆ ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನವೂ ದೊರೆಯಿತು.

ಅಲ್ಲಿಂದ ಮುಂದಿನ ಕಥೆಯು ಇತಿಹಾಸಕ್ಕೆ ಸೇರಿದುದು. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ, ಬಳಿಕ ಲಂಡನ್ನಿಗೂ ಹೋಗಿ ಅಂಬೇಡಕರರು ಉನ್ನತ ಪದವಿಗಳನ್ನು ಪಡೆದರು. ಶಾಲೆಯಲ್ಲಿ ನೀರಿಗಾಗಿ ಜವಾನನ ದಾರಿ ಕಾಯುತ್ತಿದ್ದ ಆ ಬಾಲಕನೇ 1927ರಲ್ಲಿ ಸಾವಿರಾರು ಜನರೊಡನೆ ಮಹಾಡಿನ ಚವದಾರ ಕೆರೆಗೆ ನಡೆದು ಅದರ ನೀರನ್ನು ಕುಡಿದರು. 1946ರಲ್ಲಿ ಅವರು ಕಟ್ಟಿದ ಸಂಸ್ಥೆಯ ಸಿದ್ಧಾರ್ಥ ಕಾಲೇಜು ಮುಂಬಯಿಯಲ್ಲಿ ತೆರೆಯಿತು. 1947ರಲ್ಲಿ ಅವರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಆ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ಅವರು ನಿಧನರಾದರು. ಅವರ ಅಂತ್ಯಕ್ರಿಯೆಯು ನಮ್ಮ ದಾದರದ ಕಡಲ ತೀರದಲ್ಲಿ ನಡೆಯಿತು.

ವಿದ್ಯಾರ್ಥಿ ಬಂಧುಗಳೇ, ಪ್ರತಿ ಜೂನ್ ತಿಂಗಳಿನಲ್ಲಿಯೂ ನಮ್ಮ ತರಗತಿಗಳಿಗೆ ಹೊಸ ಮುಖಗಳು ಬರುತ್ತವೆ. ಹೊಸಬನು ಧೈರ್ಯಗೆಡದೆ ಓದಬೇಕೆಂಬುದು ಭೀಮರಾವನ ಬಾಲ್ಯವು ಕಲಿಸುವ ಒಂದು ಪಾಠ. ಆದರೆ ಪಾಠವು ಅವನೊಬ್ಬನಿಗೇ ಅಲ್ಲ, ಮೊದಲೇ ಬಂದು ಕುಳಿತಿರುವ ನಮಗೂ ಇದೆ. ಉದ್ಯಾನದಲ್ಲಿ ಅಪರಿಚಿತ ಬಾಲಕನನ್ನು ಮಾತನಾಡಿಸಿದ ಕೆಳೂಸ್ಕರರಂತೆ ನಾವೂ ಹೊಸಬನನ್ನು ಮೊದಲು ಮಾತನಾಡಿಸೋಣ. ಅಂದು ಆ ತರಗತಿಯಲ್ಲಿ ಬುತ್ತಿಯ ಡಬ್ಬಿಗಳು ಸರಿದುದು ಒಬ್ಬನನ್ನು ದೂರವಿಡಲೆಂದು. ಇಂದು ನಮ್ಮ ಡಬ್ಬಿಗಳು ಸರಿಯುವುದಾದರೆ ಹೊಸಬನಿಗೆ ಪಕ್ಕದಲ್ಲಿ ಎಡೆ ಮಾಡಿಕೊಡಲೆಂದೇ ಸರಿಯಲಿ.